ಹತ್ತು ಸಾವಿರ ನಕ್ಷತ್ರಗಳು, ಮೂರು ಯಂತ್ರಗಳು

ನಕ್ಷತ್ರಗುಚ್ಛವೊಂದರ ಚಲನೆಯನ್ನು ಲೆಕ್ಕಹಾಕುವ ಒಂದೇ ಪ್ರೋಗ್ರಾಮನ್ನು ಈ ಬೇಸಿಗೆಯಲ್ಲಿ ಕಲಬುರಗಿಯ ನಮ್ಮ ಮನೆಯಲ್ಲಿ ಕುಳಿತು ಮೂರು ಬಗೆಯಲ್ಲಿ ಓಡಿಸಿ ನೋಡಿದೆ: ಎಂಟು ಕೋರುಗಳ (ಲೆಕ್ಕ ಮಾಡುವ ಘಟಕಗಳ) ಸಿಪಿಯುವಿನಲ್ಲಿ, ಎಂದರೆ ಕಂಪ್ಯೂಟರಿನ ಮುಖ್ಯ ಚಿಪ್ಪಿನಲ್ಲಿ; ಅದೇ ಯಂತ್ರದಲ್ಲಿರುವ ಆರ್‌ಟಿಎಕ್ಸ್ 3060 ಗ್ರಾಫಿಕ್ಸ್ ಕಾರ್ಡಿನಲ್ಲಿ; ದೂರದಲ್ಲಿದ್ದು ಇಂಟರ್ನೆಟ್ ಮೂಲಕ ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಸಿಗುವ ಎ100 ಎಂಬ ಜಿಪಿಯುವಿನಲ್ಲಿ (ಗ್ರಾಫಿಕ್ಸ್ ಚಿಪ್ಪಿನಲ್ಲಿ). ನಕ್ಷತ್ರಗಳು 10,000 ಇದ್ದರೆ ಕಾಲವನ್ನು ಮುಂದೆ ಸರಿಸುವ ಪ್ರತಿ ಸಣ್ಣ ಹೆಜ್ಜೆಗೂ ಸುಮಾರು 5 ಕೋಟಿ ಜೋಡಿಗಳ ಗುರುತ್ವ ಬಲವನ್ನು ಕಂಡುಹಿಡಿಯಬೇಕು; ಒಂದು ಜೋಡಿಯ ಲೆಕ್ಕ ಇನ್ನೊಂದರದಕ್ಕಾಗಿ ಕಾಯಬೇಕಿಲ್ಲವಾದ್ದರಿಂದ, 3,584 ಕೋರುಗಳಿರುವ ಮನೆಯ ಕಾರ್ಡಿಗೆ ಇದು ಹೇಳಿ ಮಾಡಿಸಿದ ಕೆಲಸ. ಸಿಪಿಯು ಇಡೀ ರಾತ್ರಿ ದುಡಿದು ಮುಗಿಸಿದ್ದನ್ನು ಕಾರ್ಡು ನಾನು ಊಟ ಮಾಡಿ ಏಳುವಷ್ಟರಲ್ಲಿ ಮುಗಿಸಿತ್ತು.

ಸೂರ್ಯನನ್ನೂ 8 ಗ್ರಹಗಳನ್ನೂ ಮಾತ್ರ ಕೊಟ್ಟಾಗ ಗೆದ್ದದ್ದು ಸಿಪಿಯು. 36 ಜೋಡಿಗಳ ಲೆಕ್ಕಕ್ಕೆ ಬೇಕಾಗುವುದಕ್ಕಿಂತ ಹೆಚ್ಚು ಸಮಯ ಕಾರ್ಡಿಗೆ ಕೆಲಸ ಒಪ್ಪಿಸುವುದರಲ್ಲೇ ಕಳೆದುಹೋಗುತ್ತದೆ.

ವೇಗಕ್ಕಿಂತ ನನ್ನನ್ನು ಹೆಚ್ಚು ಕಾಡಿದ್ದು ನಿಖರತೆ. ಆಟಗಳಿಗೆಂದು ತಯಾರಾದ 3060ರಲ್ಲಿ ಡಬಲ್ ಪ್ರಿಸಿಷನ್ (ಪ್ರತಿ ಸಂಖ್ಯೆಗೂ ಹೆಚ್ಚು ಅಂಕಿಗಳನ್ನು ಹಿಡಿಯುವ) ಲೆಕ್ಕದ ವೇಗ ಸಿಂಗಲ್ ಪ್ರಿಸಿಷನ್ (ಕಡಿಮೆ ಅಂಕಿಗಳ) ಲೆಕ್ಕದ 64ನೆಯ ಒಂದು ಪಾಲು ಮಾತ್ರ. ಸಿಂಗಲ್‌ನಲ್ಲಿಯಾದರೋ ಹಿಡಿಯುವುದು ಸುಮಾರು 7 ಅಂಕಿ. ದೊಡ್ಡ ಸ್ಥಾನಮೌಲ್ಯಕ್ಕೆ ತೀರ ಸಣ್ಣ ಸ್ಥಳಾಂತರವನ್ನು ಕೂಡಿಸಿದಾಗ ಅದು ಅಲ್ಲಿಯೇ ಕರಗಿಹೋಗುತ್ತದೆ, ಸ್ಥಿರವಾಗಿರಬೇಕಾದ ಒಟ್ಟು ಶಕ್ತಿ ಮೆಲ್ಲಮೆಲ್ಲನೆ ಬದಲಾಗುತ್ತ ಹೋಗುತ್ತದೆ. ಚಿತ್ರ ಎಷ್ಟೇ ಸೊಗಸಾಗಿ ಕಂಡರೂ ಶಕ್ತಿಯ ಲೆಕ್ಕ ತಪ್ಪಿದ ಮೇಲೆ ಅದನ್ನು ಭೌತಶಾಸ್ತ್ರವೆಂದು ನಾನು ಒಪ್ಪಲಾರೆ. ಎಲ್ಲವನ್ನೂ ಡಬಲ್‌ಗೆ ಬದಲಿಸಿದಾಗ ಕಾರ್ಡಿನ ಮೇಲುಗೈ ಬಹುಮಟ್ಟಿಗೆ ಇಲ್ಲವಾಯಿತು. ಕೊನೆಗೆ ಜೋಡಿಗಳ ಬಲವನ್ನು ಸಿಂಗಲ್‌ನಲ್ಲಿ ಉಳಿಸಿ, ಸ್ಥಾನ ಮತ್ತು ವೇಗಗಳ ಕೂಡಿಕೆಯನ್ನಷ್ಟೇ ಡಬಲ್‌ಗೆ ತಂದೆ. ಆ ಕೂಡಿಕೆ ಹೆಜ್ಜೆಗೆ 10,000 ನಕ್ಷತ್ರಗಳದ್ದೇ ಹೊರತು 5 ಕೋಟಿ ಜೋಡಿಗಳದ್ದಲ್ಲವಾದ್ದರಿಂದ ವೇಗಕ್ಕೆ ಹೆಚ್ಚು ಪೆಟ್ಟು ಬೀಳಲಿಲ್ಲ, ಶಕ್ತಿಯ ರೇಖೆಯೂ ಸಮತಟ್ಟಾಯಿತು.

ಎ100ರಲ್ಲಿ ಈ ಜಾಣ್ಮೆಯೇ ಬೇಕಿಲ್ಲ, ಏಕೆಂದರೆ ಅದರ ಡಬಲ್ ವೇಗ ಸಿಂಗಲ್‌ನ ಅರ್ಧದಷ್ಟಿದೆ. ನಮ್ಮ ಊರಿನ ಬಿಸಿಲಿಗೂ ಕರೆಂಟು ಹೋಗುವುದಕ್ಕೂ ಅದು ಸಿಕ್ಕುವುದಿಲ್ಲ. ಮೇ ತಿಂಗಳ ಮಧ್ಯಾಹ್ನ ಹೊರಗೆ 40 ಡಿಗ್ರಿ ದಾಟಿದಾಗ ಮನೆಯ ಕಾರ್ಡು ಬಿಸಿಯೇರಿ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತಿತ್ತು. ಆದರೂ ತಪ್ಪು ಹುಡುಕುವ ದಿನಗಳಲ್ಲಿ, ಹತ್ತು ಸಲ ಓಡಿಸಿ ಹತ್ತು ಸಲ ನಿಲ್ಲಿಸುವಾಗ, ಬಾಡಿಗೆಯ ಗಂಟೆಗಳು ಮನಸ್ಸನ್ನು ಅವಸರಪಡಿಸುತ್ತವೆ. ಹಾಗಾಗಿ ಹೊಸ ಪ್ರೋಗ್ರಾಮನ್ನು ಮೊದಲು ಸಿಪಿಯುವಿನಲ್ಲಿ ಡಬಲ್‌ನಲ್ಲೇ ಬರೆದು, ನೂರು ನಕ್ಷತ್ರಗಳ ಉತ್ತರವನ್ನು ಅಲ್ಲಿಂದ ಪಡೆದು, ಮನೆಯ ಕಾರ್ಡಿನ ಉತ್ತರವನ್ನು ಅದಕ್ಕೆ ತಾಳೆ ನೋಡುತ್ತೇನೆ. ದೀರ್ಘ ಓಟಗಳನ್ನು ನಸುಕಿನಲ್ಲಿ ಆರಂಭಿಸಿ, ಪ್ರತಿ 1,000 ಹೆಜ್ಜೆಗೊಮ್ಮೆ ಸ್ಥಿತಿಯನ್ನು ಡಿಸ್ಕಿಗೆ ಬರೆಸುತ್ತೇನೆ.