ಅರಮನೆ ಮೈದಾನದ ಮೇಳವೋ, ಆಷಾಢದ ಶೋರೂಮೋ? ನನ್ನ ವೋಟು ಆಷಾಢಕ್ಕೆ

ಬೆಂಗಳೂರಿನಲ್ಲಿ ಮನೆಗೆ ಮರದ ಸಾಮಾನು ಕೊಳ್ಳುವವರಿಗೆ ನನ್ನ ಸಲಹೆ ಒಂದೇ. ಆಷಾಢ ಬರುವವರೆಗೆ ಕಾಯಿರಿ. ಮಳೆ ಚೆನ್ನಾಗಿ ಹಿಡಿಯಲಿ. ಆಮೇಲೆ ಹತ್ತಿರದ ಶೋರೂಮಿಗೆ ಹೋಗಿ, ಅಲ್ಲಿ ನಿಂತಿರುವ ಡಿಸ್ಪ್ಲೇ ಪೀಸನ್ನೇ ಚೌಕಾಸಿ ಮಾಡಿ ತನ್ನಿ.

ಅರಮನೆ ಮೈದಾನದ ಫರ್ನಿಚರ್ ಮೇಳ, ನಾಗಸಂದ್ರದ ಐಕಿಯಾ, ಮಾದಾವರದ ವ್ಯಾಪಾರ ಮೇಳ, ಕೊನೆಗೆ ಆಷಾಢದ ಸೇಲ್. ಮನೆಗೆ ಮಂಚ, ಊಟದ ಮೇಜು, ಸೈಡ್‌ಬೋರ್ಡ್ (ಡ್ರಾಯರ್ ಇರುವ ಗಿಡ್ಡ ಕಪಾಟು) ಬೇಕಿತ್ತು, ಹಾಗಾಗಿ ನಾಲ್ಕನ್ನೂ ಸುತ್ತಿದ್ದಾಯಿತು. ಕೈಯಲ್ಲಿದ್ದದ್ದು ಒಂದು ಲಕ್ಷದ ಆಸುಪಾಸು. ಮನೆ ಇರುವುದು ಎರಡನೇ ಮಹಡಿಯಲ್ಲಿ, ಲಿಫ್ಟ್ ಇಲ್ಲ, ಕಾರೂ ಇಲ್ಲ. ಮಂಚ ಮೇಳದಿಂದ ಬಂತು, ಮೇಜು ಮತ್ತು ಸೈಡ್‌ಬೋರ್ಡ್ ಶೋರೂಮಿನಿಂದ. ಮಂಚ ನೋಡಿದಾಗಲೆಲ್ಲ ಇವತ್ತಿಗೂ ಮೈ ಉರಿಯುತ್ತದೆ. ಹಾಗಾಗಿ ಸಮತೂಕದ ತೀರ್ಪನ್ನು ನನ್ನಿಂದ ನಿರೀಕ್ಷಿಸಬೇಡಿ.

ಮೇಳದ ಗಮ್ಮತ್ತನ್ನು ಅಲ್ಲಗಳೆಯುವುದಿಲ್ಲ. ಮೇಖ್ರಿ ಸರ್ಕಲ್ ಹತ್ತಿರ ಬಸ್ಸಿಳಿದು ಒಳಗೆ ಹೋದರೆ ಸಂಜೆ ಕಳೆದದ್ದೇ ಗೊತ್ತಾಗುವುದಿಲ್ಲ. ಜೋಧ್‌ಪುರದ ಶೀಶಮ್ ಮಂಚಗಳು, ಸಹಾರನ್‌ಪುರದ ಕೆತ್ತನೆ ಕೆಲಸ, ಬೆತ್ತದ ಉಯ್ಯಾಲೆ, ಪಕ್ಕದಲ್ಲೇ ಉಪ್ಪಿನಕಾಯಿ ಸ್ಟಾಲು. ಇಷ್ಟು ಬಗೆ ಒಂದೇ ಕಡೆ ಬೇರೆಲ್ಲೂ ಸಿಗುವುದಿಲ್ಲ. ರೇಟು ಕೂಡ ಶೋರೂಮಿಗಿಂತ ಕಮ್ಮಿ ಅನ್ನಿಸುತ್ತದೆ. ‘ಅರ್ಧ ಬೆಲೆ’ ಅಂತ ಬರೆದ ಬೋರ್ಡು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ, ಪೂರ್ತಿ ಬೆಲೆಗೆ ಅದನ್ನು ಕೊಂಡವರನ್ನು ಯಾರೂ ಕಂಡಿಲ್ಲ.

ಇನ್ನೊಂದು ಎಚ್ಚರಿಕೆ. ಶೀಶಮ್ ತೋರಿಸಿ ‘ಮೇಡಂ, ರೋಸ್‌ವುಡ್’ ಅನ್ನುತ್ತಾರೆ. ಪೂರ್ತಿ ಸುಳ್ಳೇನಲ್ಲ. ರೋಸ್‌ವುಡ್ ಅಂದರೆ ನಮ್ಮ ಪಶ್ಚಿಮ ಘಟ್ಟದ ಬೀಟೆ, ಅದಕ್ಕೂ ಉತ್ತರದ ಶೀಶಮ್‌ಗೂ ಕುಲ ಒಂದೇ. ಆದರೆ ಮರ ಬೇರೆ, ಬೆಲೆಯಂತೂ ಬಹಳ ಬೇರೆ. ಅಜ್ಜಿ ಮನೆಯ ಬೀಟೆ ಮಂಚ ಮನಸ್ಸಿನಲ್ಲಿಟ್ಟುಕೊಂಡು ದುಡ್ಡು ಕೊಡಬೇಡಿ.

ಈಗ ನನ್ನ ಡ್ರಾಯರ್ ವಿಷಯಕ್ಕೆ ಬರುತ್ತೇನೆ.

ಮಂಚದ ಕೆಳಗೆ ಎರಡು ದೊಡ್ಡ ಡ್ರಾಯರ್. ಮೇಳದಲ್ಲಿ ನಾನೇ ಎಳೆದು ನೋಡಿದ್ದೆ, ಒಂದು ಬೆರಳು ಸಾಕಿತ್ತು. ಆದರೆ ನಾನು ಎಳೆದು ನೋಡಿದ ಡ್ರಾಯರ್ ನಮ್ಮ ಮನೆಗೆ ಬರಲಿಲ್ಲ. ‘ಇದು ಶೋಗೆ ಇಟ್ಟಿರೋದು ಮೇಡಂ, ನಿಮಗೆ ಗೋಡೌನಿಂದ ಫ್ರೆಶ್ ಪೀಸ್ ಕಳಿಸ್ತೀವಿ’ ಅಂದರು. ಕೇಳಲು ಚೆನ್ನಾಗಿಯೇ ಇತ್ತು. ಮೇಳಗಳಲ್ಲಿ ಹೆಚ್ಚಿನ ಸ್ಟಾಲುಗಳ ಪದ್ಧತಿ ಇದೇ. ಮಂಚ ಬಂದಾಗ ಮೇಳದ ಟೆಂಟು ಬಿಚ್ಚಿ ಆಗಿತ್ತು. ಪಾಲಿಶ್ ಸ್ವಲ್ಪ ಕೆಂಪು ಜಾಸ್ತಿ ಇತ್ತು, ಹೋಗಲಿ ಅಂದುಕೊಂಡೆವು. ಬೇಸಿಗೆ, ಡ್ರಾಯರ್ ಸಲೀಸಾಗಿ ಓಡಾಡುತ್ತಿತ್ತು. ರಗ್ಗು, ಕಂಬಳಿ ಎಲ್ಲಾ ಅದರೊಳಗೆ ತುಂಬಿಸಿದೆ.

ಮುಂಗಾರು ಶುರುವಾಯಿತು. ಮೊದಲು ಡ್ರಾಯರ್ ಬಿಗಿಯಾಯಿತು, ಆಮೇಲೆ ಕಿರುಗುಟ್ಟಿತು, ಜುಲೈ ಹೊತ್ತಿಗೆ ಕಚ್ಚಿಕೊಂಡು ನಿಂತಿತು. ನಮ್ಮನೆಯವರು ಕಾಲು ಕೊಟ್ಟು ಎಳೆದರೂ ಅಲುಗಾಡಲಿಲ್ಲ. ಚಳಿ ಹಿಡಿದ ದಿನವೇ ಕಂಬಳಿ ಪೆಟ್ಟಿಗೆಗೆ ಬೀಗ ಬಿದ್ದ ಹಾಗಾಯಿತು.

ಕಾರಣ ಸರಳ. ಮರ ಗಾಳಿಯ ತೇವ ಹೀರಿ ಹಿಗ್ಗುತ್ತದೆ, ಒಣಗಾಳಿಯಲ್ಲಿ ಕುಗ್ಗುತ್ತದೆ. ಉದ್ದಕ್ಕೆ ಹೆಚ್ಚೇನೂ ವ್ಯತ್ಯಾಸ ಆಗುವುದಿಲ್ಲ, ಎಳೆಗೆ ಅಡ್ಡವಾಗಿ, ಅಂದರೆ ಅಗಲಕ್ಕೆ ಹಿಗ್ಗುತ್ತದೆ. ಮನೆಯೊಳಗೆ ಇಡುವ ಸಾಮಾನಿಗೆ ಮರವನ್ನು ಬಿಸಿಗಾಳಿಯ ಗೂಡಿನಲ್ಲಿ (ಕಿಲ್ನ್) ಒಣಗಿಸಿ ತೇವವನ್ನು ಶೇ. 8ರಿಂದ 12ಕ್ಕೆ ಇಳಿಸುತ್ತಾರೆ. ಹಾಗೆ ಒಣಗಿಸಿದ ಮರವೂ ಊರಿನ ಗಾಳಿಗೆ ತಕ್ಕಂತೆ ಮತ್ತೆ ಮತ್ತೆ ಹೊಂದಿಕೊಳ್ಳುತ್ತಲೇ ಇರುತ್ತದೆ. ಜೋಧ್‌ಪುರ ಇರುವುದು ಥಾರ್ ಮರುಭೂಮಿಯ ಅಂಚಿನಲ್ಲಿ. ಅಲ್ಲಿನ ಒಣಗಾಳಿಯಲ್ಲಿ ಕೂದಲೆಳೆ ಸಂದು ಬಿಟ್ಟು ಕೂರಿಸಿದ ಡ್ರಾಯರ್, ನಮ್ಮ ಜುಲೈ ತಿಂಗಳ ಗಾಳಿಗೆ ಉಬ್ಬದೆ ಇರುತ್ತದಾ? ಅನುಭವ ಇರುವ ಕೆಲಸಗಾರ ಸಂದು ಜಾಸ್ತಿ ಬಿಡುತ್ತಾನೆ. ತೇಗ ಆಗಿದ್ದರೆ ಇಷ್ಟು ಕಾಟ ಇರುತ್ತಿರಲಿಲ್ಲ, ಅದು ಹಿಗ್ಗುವುದು ಕಮ್ಮಿ.

ನಮ್ಮ ಬೀದಿಯ ಆಚಾರ್ರನ್ನು ಕರೆಸಿದೆ. ಹಿಂದಿನಿಂದ ಹಲಗೆ ಬಿಚ್ಚಿ ಡ್ರಾಯರ್ ಹೊರಗೆ ತೆಗೆದರು. ‘ಈಗ ಕೀಸಿಕೊಡ್ತೀನಿ ಅಕ್ಕ. ಸಂಕ್ರಾಂತಿ ಹೊತ್ತಿಗೆ ಸಡಿಲ ಆಗುತ್ತೆ. ಆಗ ನನ್ನ ಬೈಕೋಬೇಡಿ’ ಅಂದರು. ಕೀಸುತ್ತಾ ಹೋದಂತೆ ಕೆಂಪು ಪಾಲಿಶ್ ಅಡಿಯಿಂದ ಬಿಳಿ ಮರ ಕಾಣಿಸಿತು. ಶೀಶಮ್‌ನ ತಿರುಳು ಕಂದು ಬಣ್ಣ, ತೊಗಟೆ ಕಡೆಯ ಭಾಗ ಬಿಳಿ. ಹುಳ ಮೊದಲು ಹಿಡಿಯುವುದು ಆ ಬಿಳಿ ಭಾಗಕ್ಕೇ. ಪಾಲಿಶ್ ಯಾಕೆ ಅಷ್ಟು ಕೆಂಪಗಿತ್ತು ಅಂತ ಆಗ ಗೊತ್ತಾಯಿತು. ಆಚಾರ್ರು ಪೂರ್ತಿ ಹುಳದ ಮದ್ದು ಹೊಡೆದು ಕೊಟ್ಟರು. ಹೇಳಿದ ಹಾಗೆಯೇ ಜನವರಿಯಲ್ಲಿ ಡ್ರಾಯರ್ ಲೊಡಲೊಡ ಅನ್ನತೊಡಗಿತು.

ಸ್ಟಾಲಿನವರಿಗೆ ಫೋನ್ ಮಾಡಲಿಲ್ಲವಾ ಅಂತ ನೀವು ಕೇಳಬಹುದು. ಮಾಡಿದೆ. ಆಗ ಅವರು ಕೊಯಮತ್ತೂರಿನ ಮೇಳದಲ್ಲಿದ್ದರು. ಮತ್ತೆ ಮಾಡಿದಾಗ ಹೈದರಾಬಾದಿನಲ್ಲಿ. ‘ಬೆಂಗಳೂರಿಗೆ ಬಂದಾಗ ಹುಡುಗನ್ನ ಕಳಿಸ್ತೀವಿ’ ಅನ್ನುವುದು ಬಿಟ್ಟು ಬೇರೆ ಮಾತಿಲ್ಲ. ಮಾತು ಮರ್ಯಾದೆಯಿಂದಲೇ ಆಡುತ್ತಿದ್ದರು, ಜಗಳವಾಡಲೂ ಅವಕಾಶ ಇಲ್ಲ! ಊರೂರು ತಿರುಗುವ ವ್ಯಾಪಾರದಲ್ಲಿ ರಿಪೇರಿಗೆ ಬರುವವರು ಯಾರು?

ಕಾನೂನು ನಮ್ಮ ಕಡೆಗೇ ಇದೆ ಅನ್ನುವುದು ಇದರಲ್ಲಿ ಇನ್ನೂ ಹೊಟ್ಟೆ ಉರಿಸುವ ಸಂಗತಿ. 2019ರ ಗ್ರಾಹಕ ರಕ್ಷಣಾ ಕಾಯ್ದೆ ಪ್ರಕಾರ ಮಾರಿದವರು ಯಾವ ಊರಿನವರಾದರೂ ನಾವು ವಾಸ ಇರುವ ಜಿಲ್ಲೆಯಲ್ಲೇ ದೂರು ಕೊಡಬಹುದು. 5 ಲಕ್ಷದವರೆಗಿನ ಖರೀದಿಗೆ ಶುಲ್ಕವೂ ಇಲ್ಲ. ಆದರೆ ಯಾರ ಮೇಲೆ ಕೊಡುವುದು? ನನ್ನ ಕೈಯಲ್ಲಿದ್ದದ್ದು ‘ಎಸ್ಟಿಮೇಟ್’ ಅಂತ ಮೇಲೆ ಬರೆದ ಹಳದಿ ಚೀಟಿ. ಒಂದು ಮೊಬೈಲ್ ನಂಬರು, ಕೆಳಗೆ ಗೀಚಿದ ಸಹಿ. ಜಿಎಸ್‌ಟಿ ನಂಬರ್ ಇಲ್ಲ, ವಿಳಾಸ ಇಲ್ಲ. ಮೇಳದಲ್ಲಿ ಕೊಳ್ಳಲೇಬೇಕು ಅಂತಿದ್ದರೆ ಜಿಎಸ್‌ಟಿ ನಂಬರ್ ಇರುವ ಪಕ್ಕಾ ಬಿಲ್ ಕೈಗೆ ಬರುವವರೆಗೆ ಅಡ್ವಾನ್ಸ್ ಕೊಡಬೇಡಿ. ಬಿಲ್ ಬೇಡ ಅಂದರೆ ಇಷ್ಟು ಕಮ್ಮಿ ಮಾಡ್ತೀವಿ ಅನ್ನುತ್ತಾರಲ್ಲ, ಆ ಉಳಿತಾಯ ಆಚಾರ್ರ ಕೂಲಿಗೇ ಹೋಗುತ್ತದೆ.

ಇನ್ನು ಆಷಾಢ. ನಮ್ಮ ಕಡೆ ಆಷಾಢದಲ್ಲಿ ಮದುವೆ ಇಲ್ಲ, ಗೃಹಪ್ರವೇಶ ಇಲ್ಲ. ಫರ್ನಿಚರ್ ಅಂಗಡಿಯವರು ನೊಣ ಹೊಡೆಯುತ್ತಾ ಕೂತಿರುತ್ತಾರೆ. ಶ್ರಾವಣಕ್ಕೆ ಹೊಸ ಮಾಲು ಬರಬೇಕು, ಅದಕ್ಕೆ ಜಾಗ ಬೇಕು, ಹಳೇ ಡಿಸ್ಪ್ಲೇ ಪೀಸ್ ಖಾಲಿ ಆಗಬೇಕು. ಬಟ್ಟೆ ಅಂಗಡಿಯ ಆಷಾಢದ ಸೇಲಿಗೆ ಮುಗಿಬೀಳುವ ನಾವು ಇಲ್ಲಿಗೆ ಯಾಕೆ ಹೋಗುವುದಿಲ್ಲವೋ! ಬೋರ್ಡಿನ ಮೇಲಿನ ರಿಯಾಯಿತಿ ಬರೀ ಶುರು. ‘ಈ ಪೀಸೇ ಒಯ್ಯುತ್ತೇನೆ, ಕೊನೇ ರೇಟು ಹೇಳಿ’ ಅಂತ ಮಾಲೀಕರ ಹತ್ತಿರವೇ ಕೇಳಬೇಕು, ಸೇಲ್ಸ್ ಹುಡುಗರ ಹತ್ತಿರ ಅಲ್ಲ.

ದುಡ್ಡಿಗಿಂತ ದೊಡ್ಡ ಲಾಭ ಬೇರೆ ಇದೆ. ಆ ಪೀಸು ಇದೇ ಊರಿನ ಗಾಳಿಯಲ್ಲಿ ತಿಂಗಳುಗಟ್ಟಲೆ ನಿಂತಿರುತ್ತದೆ. ಸೊಟ್ಟಗಾಗುವುದಿದ್ದರೆ ಆಗಿರುತ್ತದೆ, ಬಿರುಕು ಬಿಡುವುದಿದ್ದರೆ ಬಿಟ್ಟಿರುತ್ತದೆ, ಹುಳ ಇದ್ದರೆ ಕೆಳಗೆ ಹಿಟ್ಟು ಉದುರಿರುತ್ತದೆ. ಮೇಲಾಗಿ ಆಷಾಢ ಅಂದರೆ ಮಳೆಗಾಲ. ಮರ ಚೆನ್ನಾಗಿ ಉಬ್ಬಿರುವ ಕಾಲ. ಆಷಾಢದಲ್ಲಿ ಸಲೀಸಾಗಿ ಬರುವ ಡ್ರಾಯರ್ ವರ್ಷವಿಡೀ ಕಚ್ಚಿಕೊಳ್ಳುವುದಿಲ್ಲ. ಬೇಸಿಗೆಯ ಮೇಳದಲ್ಲಿ ಈ ಪರೀಕ್ಷೆ ಮಾಡಲು ಸಾಧ್ಯವೇ ಇಲ್ಲ. ಸೈಡ್‌ಬೋರ್ಡಿನ ಎಲ್ಲ ಡ್ರಾಯರ್ ಪೂರ್ತಿ ಹೊರಗೆಳೆದು, ತಿರುಗಿಸಿ ಅಡಿಭಾಗ ನೋಡಿಯೇ ಕೊಂಡೆ. ಅಂಗಡಿಯವರಿಗೆ ಸ್ವಲ್ಪ ಕಿರಿಕಿರಿ ಆಯಿತು, ಆಗಲಿ. ಅದು ಇವತ್ತಿಗೂ ಒಂದೇ ಸಮ ಓಡುತ್ತಿದೆ. ಊಟದ ಮೇಜಿನ ಒಂದು ಕಾಲಿನ ಮೇಲೆ ಗೀರು ಇತ್ತು, ಅದನ್ನೇ ತೋರಿಸಿ ಇನ್ನೂ ಎರಡು ಸಾವಿರ ಇಳಿಸಿದೆ. ಗೀರಿನ ಕಾಲು ಈಗ ಗೋಡೆ ಕಡೆಗಿದೆ.

ಅಡ್ಡ ಬಂದದ್ದು ಅತ್ತೆ ಒಬ್ಬರೇ. ‘ಆಷಾಢದಲ್ಲಿ ಯಾರಾದ್ರೂ ಮನೆಗೆ ಹೊಸ ಸಾಮಾನು ತರ್ತಾರೇನಮ್ಮ?’ ಅಂದರು. ಅದಕ್ಕೂ ದಾರಿ ಇದೆ. ದುಡ್ಡು ಆಷಾಢದಲ್ಲಿ ಕೊಟ್ಟು ಸಾಮಾನು ಶ್ರಾವಣದಲ್ಲಿ ತರಿಸಿದೆವು. ಅಂಗಡಿಯವರಿಗೆ ಇದು ಹೊಸದೇನಲ್ಲ, ತಾವೇ ಕೇಳಿದರು. ಬಿಲ್‌ನಲ್ಲಿ ‘ಡಿಸ್ಪ್ಲೇ ಪೀಸ್’ ಅಂತ ಬರೆಸಿ, ಎಳೆಗಳು ಕಾಣುವ ಹಾಗೆ ಫೋಟೋ ತೆಗೆದುಕೊಂಡೆ. ಬಂದದ್ದು ಅದೇ ಮೇಜು.

ಕೊರತೆ ಇಲ್ಲವೇ ಅಂದರೆ ಇದೆ. ಆಯ್ಕೆ ಕಮ್ಮಿ. ಡಿಸೈನ್ ಸ್ವಲ್ಪ ಹಳೇದು. ಸೋಫಾವನ್ನಂತೂ ಈ ರೀತಿ ಕೊಳ್ಳಲೇಬೇಡಿ. ಬಂದವರೆಲ್ಲ ಕೂತು ಎದ್ದು ಫೋಮ್ ಕುಸಿದಿರುತ್ತದೆ. ಸೋಫಾ ಆರ್ಡರ್ ಕೊಟ್ಟೇ ಮಾಡಿಸಿ, ಸೀಟಿಗೆ 40 ಡೆನ್ಸಿಟಿ ಫೋಮ್ ಅಂತ ಬಿಲ್‌ನಲ್ಲೇ ಬರೆಸಿ.

ಐಕಿಯಾಗೆ ಹೋಗಲು ನನಗೆ ಒಂದೇ ಒಂದು ಕಾರಣ ಸಾಕಿತ್ತು, ಮೆಟ್ರೋ. ನಾಗಸಂದ್ರ ಸ್ಟೇಷನ್ ಪಕ್ಕದಲ್ಲೇ ಅಂಗಡಿ, 2022ರ ಜೂನ್‌ನಲ್ಲಿ ಶುರುವಾದದ್ದು. ಪ್ರತಿ ಸಾಮಾನಿನ ಮೇಲೆ ಉದ್ದ, ಅಗಲ, ಎತ್ತರ ಬರೆದಿರುತ್ತದೆ. ಟೇಪು ಹಿಡಿದು ಯಾರನ್ನೂ ಗೋಗರೆಯಬೇಕಿಲ್ಲ. ಒಂದು ಹಳೇ ಕಥೆ ಇಲ್ಲಿ ನೆನಪಾಗುತ್ತದೆ. ಐಕಿಯಾದವರು ಅಂಚೆಯಲ್ಲಿ ಸಾಮಾನು ಮಾರುತ್ತಿದ್ದ ಕಾಲದಲ್ಲಿ ಬೆಲೆಯ ಪೈಪೋಟಿ ಜೋರಾಗಿ, ಗುಣಮಟ್ಟದ ಮೇಲೆ ಗಿರಾಕಿಗಳಿಗೆ ನಂಬಿಕೆ ಹೋಗತೊಡಗಿತ್ತಂತೆ. ಜನ ಮುಟ್ಟಿ ನೋಡಿ ಕೊಳ್ಳಲಿ ಅಂತ ಕಂಪನಿಯವರು 1953ರಲ್ಲಿ ಸ್ವೀಡನ್ನಿನ ಎಲ್ಮ್‌ಹುಲ್ಟ್ ಎಂಬ ಊರಿನಲ್ಲಿ ಮೊದಲ ಶೋರೂಮ್ ತೆರೆದರು. ನೋಡಿದ್ದೇ ಮನೆಗೆ ಬರಬೇಕು ಅನ್ನುವ ನನ್ನ ಹಟ ಅಷ್ಟು ಹಳೆಯದು.

ಅಲ್ಲಿಂದ ನಾನು ತಂದದ್ದು ಗೋಡೆಗೆ ಹಾಕುವ ಶೆಲ್ಫು, ದೀಪ. ಎರಡೂ ಚೆನ್ನಾಗಿವೆ. ಡಬ್ಬ ತೂಕ ಇರಲಿಲ್ಲ, ಮೆಟ್ರೋದಲ್ಲೇ ತಂದು ನಾವೇ ಜೋಡಿಸಿದೆವು. ಮೇಜು, ಬೀರು ಮಾತ್ರ ಕೊಳ್ಳಲಿಲ್ಲ. ಅಲ್ಲಿ ಚೌಕಾಸಿ ಇಲ್ಲ, ಚೌಕಾಸಿ ಇಲ್ಲದೆ ದೊಡ್ಡ ಮೊತ್ತ ಕೊಟ್ಟು ಬಂದರೆ ನನಗೆ ರಾತ್ರಿ ನಿದ್ದೆ ಬರುವುದಿಲ್ಲ. ಇನ್ನೊಂದು ಮಾತು, ಇದು ಯಾವ ಅಂಗಡಿಯಲ್ಲಿ ಕೊಂಡರೂ ಅನ್ವಯ ಆಗುತ್ತದೆ. ಪಾರ್ಟಿಕಲ್ ಬೋರ್ಡ್ (ಮರದ ಚೂರಿಗೆ ಅಂಟು ಹಾಕಿ ಒತ್ತಿದ ಹಲಗೆ) ಸಾಮಾನನ್ನು ನೇರವಾಗಿ ನೆಲಕ್ಕೆ ಊರಬೇಡಿ. ನಾವು ದಿನಾ ಬಕೆಟ್ ನೀರು ಇಟ್ಟುಕೊಂಡು ನೆಲ ಒರೆಸುವ ಜನ. ಅಂಚಿನಿಂದ ನೀರು ಒಳಗಿಳಿದರೆ ಅದು ಉಬ್ಬಿ ಬಿರಿಯುತ್ತದೆ, ಆಮೇಲೆ ಒಣಗಿದರೂ ಮೊದಲಿನಂತೆ ಆಗುವುದಿಲ್ಲ. ಕೆಳಗೆ ಸ್ಟೀಲ್ ಅಥವಾ ಪ್ಲಾಸ್ಟಿಕ್ ಕಾಲು ಇರುವುದನ್ನೇ ಆರಿಸಿ.

ಮಾದಾವರದ ಬಿಐಇಸಿ ಪ್ರದರ್ಶನ ಕೇಂದ್ರದಲ್ಲಿ ಎರಡು ವರ್ಷಕ್ಕೊಮ್ಮೆ ನಡೆಯುವ ಇಂಡಿಯಾವುಡ್ ಬೇರೆಯದೇ ಲೋಕ. ಇದು ಮರಗೆಲಸದ ಯಂತ್ರ, ಪ್ಲೈವುಡ್, ಬಾಗಿಲಿನ ಹಿಂಜು, ಡ್ರಾಯರ್ ಜಾರುವ ಚಾನೆಲ್‌ಗಳ ವ್ಯಾಪಾರ ಮೇಳ. ಮನೆಗೆ ಕುರ್ಚಿ ಕೊಳ್ಳೋಣ ಅಂತ ಹೋಗುವ ಜಾಗ ಅಲ್ಲ. ನಾನು ಹೋದದ್ದು ಆಚಾರ್ರ ಹಿಂದೆ. 2024ರ ನವೆಂಬರ್‌ನಲ್ಲಿ ಮೆಟ್ರೋ ಮಾದಾವರದವರೆಗೆ ಬಂದ ಮೇಲೆ ಅಲ್ಲಿಗೆ ಹೋಗುವುದು ಸುಲಭವಾಗಿದೆ. ಏನೂ ಕೊಳ್ಳದೆ ಬಂದರೂ ಕಲಿತದ್ದು ಜಾಸ್ತಿ. ಒಳ್ಳೆಯ ಚಾನೆಲ್ ಎಳೆದಾಗ ಕೈಗೆ ಹೇಗೆ ಅನ್ನಿಸುತ್ತದೆ, ಸಿಂಕ್ ಕೆಳಗಿನ ಕಪಾಟಿಗೆ ಐಎಸ್ 710 ಮುದ್ರೆಯ, ನೀರು ತಡೆಯುವ ಮರೈನ್ ಪ್ಲೈ ಯಾಕೆ ಬೇಕು, ಇಂಥವು. ಅಡುಗೆಮನೆ ಮಾಡಿಸುವವರು ತಮ್ಮ ಬಡಗಿಯ ಜೊತೆ ಒಮ್ಮೆ ಹೋಗಿಬನ್ನಿ.

ಊಟ ತಿಂಡಿಗೆ ಮೇಳವೇ ವಾಸಿ. ಮಕ್ಕಳಿದ್ದರೆ ಐಕಿಯಾ. ಪಾರ್ಕಿಂಗ್ ಬಗ್ಗೆ ನನ್ನನ್ನು ಕೇಳಬೇಡಿ, ನನಗೆ ಕಾರಿಲ್ಲ.

ತುರ್ತಾಗಿ ಸಾಮಾನು ಬೇಕಾದವರಿಗೆ, ಬಾಡಿಗೆ ಮನೆ ಬದಲಿಸುತ್ತಲೇ ಇರುವವರಿಗೆ ನನ್ನ ದಾರಿ ಸರಿಹೋಗಲ್ಲ. ಅವರಿಗೆ ಬಿಚ್ಚಿ ಜೋಡಿಸುವ ಸಾಮಾನೇ ಮೇಲು. ನನಗೆ ಕಾಯಲು ತೊಂದರೆ ಇಲ್ಲ, ಮಾತಾಡಿ ರೇಟು ಇಳಿಸುವುದು ಇಷ್ಟ, ತಕರಾರು ಬಂದರೆ ನಡೆದುಕೊಂಡು ಹೋಗಿ ನಿಂತು ಕೇಳುವಷ್ಟು ಹತ್ತಿರ ಅಂಗಡಿ ಇರಬೇಕು. ಬೀರು ಇನ್ನೂ ಕೊಂಡಿಲ್ಲ. ಮುಂದಿನ ಆಷಾಢಕ್ಕೆ ಅಂತ 35 ಸಾವಿರ ಎತ್ತಿಟ್ಟಿದ್ದೇನೆ. ಅಂಗಡಿಯವರಿಗೆ ಈಗಲೇ ಹೇಳಿಟ್ಟಿದ್ದೇನೆ, ಎರಡನೇ ಮಹಡಿಗೆ ಹೊರುವ ಕೂಲಿ ಬಿಲ್‌ನಲ್ಲೇ ಸೇರಿರಬೇಕು ಅಂತ. ಮೇಜು ತಂದ ದಿನ ಮೆಟ್ಟಿಲ ಹತ್ತಿರ ಇಳಿಸಿ 1,500 ಕೇಳಿದ್ದರು.