ಹುಲ್ಲು ಬೆರೆಸಿದ ಹಗುರ ಮಣ್ಣಿನ ಗೋಡೆ: ತೀರ್ಥಹಳ್ಳಿ ಕಡೆಯ ತಂಡವೊಂದರ ಕೆಲಸ

ನಮ್ಮ ಹೆಂಚಿನ ಮನೆಯ ಪಶ್ಚಿಮ ಬದಿಗೆ ಒಂದು ಕೋಣೆಯನ್ನು ಸೇರಿಸುವಾಗ, ಭತ್ತದ ಹುಲ್ಲನ್ನು ಜೇಡಿಮಣ್ಣಿನ ರಾಡಿಯಲ್ಲಿ ಅದ್ದಿ ಮರದ ಚೌಕಟ್ಟಿನ ನಡುವೆ ತುಂಬುವ ಗೋಡೆಯ ಕೆಲಸವನ್ನು ತೀರ್ಥಹಳ್ಳಿ ಕಡೆಯ ಸಣ್ಣ ತಂಡವೊಂದಕ್ಕೆ ಒಪ್ಪಿಸಿದ್ದೆವು. ಆ ಗೋಡೆ ಒಂದು ಪೂರ್ತಿ ಮಳೆಗಾಲವನ್ನೂ ಅದರ ಮುಂದಿನ ಬೇಸಿಗೆಯನ್ನೂ ಕಂಡಿರುವುದರಿಂದ ಅದರ ಬಗ್ಗೆ ಈಗ ಧೈರ್ಯವಾಗಿ ಬರೆಯಬಹುದು.

ಮಣ್ಣಿನ ಮನೆ ತಂಪು ಎಂಬ ಮಾತು ಮಲೆನಾಡಿನಲ್ಲಿ ಎಲ್ಲರ ಬಾಯಲ್ಲೂ ಇದೆ. ಆದರೆ ಹಳೆಯ ಕಾಲದ ದಪ್ಪ ಮಣ್ಣಿನ ಗೋಡೆ ಬಿಸಿಲಿನ ಶಾಖವನ್ನು ತಡೆಯುವುದಕ್ಕಿಂತ ಹೆಚ್ಚಾಗಿ ಅದನ್ನು ಹೀರಿಟ್ಟುಕೊಂಡು ರಾತ್ರಿ ನಿಧಾನವಾಗಿ ಬಿಡುತ್ತದೆ. ಶಾಖವನ್ನು ನಿಜವಾಗಿ ತಡೆಯುವುದು ಹುಲ್ಲಿನ ಕೊಳವೆಗಳಲ್ಲಿ ಮತ್ತು ಎಳೆಗಳ ಸಂದಿನಲ್ಲಿ ನಿಂತ ಗಾಳಿ. ಘನ ಮೀಟರಿಗೆ 1,800 ಕಿಲೋ ತೂಗುವ ಗಟ್ಟಿ ಮಣ್ಣಿನ ಗೋಡೆಯ ಶಾಖವಾಹಕತೆ, ಅಂದರೆ ಶಾಖ ಎಷ್ಟು ಸುಲಭವಾಗಿ ದಾಟಿಹೋಗುತ್ತದೆ ಎಂಬ ಅಳತೆ (W/mK), ಸುಮಾರು 0.9 ಇದ್ದರೆ, 600 ಕಿಲೋ ತೂಗುವ ಹುಲ್ಲುಮಣ್ಣಿನದು 0.17ರ ಆಸುಪಾಸಿನಲ್ಲಿರುತ್ತದೆ. ಈ ವ್ಯತ್ಯಾಸವನ್ನು ಮೊದಲ ಭೇಟಿಯಲ್ಲೇ ಬಿಡಿಸಿ ಹೇಳಿ, ಮಧ್ಯಾಹ್ನದ ಬಿಸಿಲು ಹೊಡೆಯುವ ಪಶ್ಚಿಮ ಮತ್ತು ದಕ್ಷಿಣದ ಗೋಡೆಗಳಿಗೆ ಮಾತ್ರ ಇದು ಸಾಕು, ಉಳಿದ ಕಡೆ ಜಂಬಿಟ್ಟಿಗೆಯೇ ಇರಲಿ ಎಂದು ಮೇಸ್ತ್ರಿ ಸಲಹೆ ಕೊಟ್ಟರು. ಕೆಲಸ ಹೆಚ್ಚಿಸಿಕೊಳ್ಳುವ ಆಸೆಯಿಲ್ಲದ ಆ ಮಾತು ನಮಗೆ ಬಹಳ ಹಿಡಿಸಿತು.

ಕೈಕೆಲಸದಲ್ಲಿ ಅವರ ಶ್ರದ್ಧೆ ದೊಡ್ಡದು. ತೋಟದ ಅಂಚಿನ ಮಣ್ಣನ್ನು ಗಾಜಿನ ಬಾಟಲಿಯಲ್ಲಿ ನೀರು ಹಾಕಿ ಕುಲುಕಿ, ಮರಳೆಷ್ಟು ಜೇಡಿ ಎಷ್ಟು ಎಂದು ಪದರ ನೋಡಿದ ಮೇಲೆಯೇ ಗುಂಡಿ ತೋಡಿದರು. ರಾಡಿ ಮಜ್ಜಿಗೆಗಿಂತ ತುಸು ಮಂದವಾಗಿರಬೇಕು. ಹುಲ್ಲಿನ ಪ್ರತಿಯೊಂದು ಎಳೆಗೂ ಅದು ಹತ್ತಬೇಕು, ಆದರೆ ಹಿಂಡಿದಾಗ ನೀರು ಸುರಿಯಬಾರದು. ಹಲಗೆಗಳ ನಡುವೆ ಒಂದೆರಡು ಅಡಿಯಷ್ಟು ತುಂಬಿ, ಮೂಲೆಗಳನ್ನು ಬಿಗಿಯಾಗಿ, ನಡುವನ್ನು ಹದವಾಗಿ ಒತ್ತಿ, ಅದೇ ದಿನ ಹಲಗೆ ಬಿಚ್ಚಿಬಿಡುತ್ತಿದ್ದರು. ನಡುವನ್ನೂ ಗುದ್ದಿ ಗಟ್ಟಿ ಮಾಡಿದರೆ ಒಳಗಿನ ಗಾಳಿ ಹೋಗಿ ಹುಲ್ಲು ಹಾಕಿದ್ದೇ ವ್ಯರ್ಥವಾಗುತ್ತದೆ. ಹುಲ್ಲಿನಲ್ಲಿ ಉಳಿದಿದ್ದ ಕಾಳುಗಳು ಮೊಳೆತು ಗೋಡೆಯ ತುಂಬ ಹಸಿರು ಕಾಣಿಸಿಕೊಂಡಾಗ ಮನೆಯವರೆಲ್ಲ ಗಾಬರಿಯಾದರು. ಗೋಡೆ ಒಣಗಿದಂತೆ ಆ ಮೊಳಕೆಗಳೂ ಬಾಡಿ ಉದುರಿದವು.

ನಮ್ಮ ಸೀಮೆಯಲ್ಲಿ ಈ ಗೋಡೆಯ ಹಣೆಬರಹವನ್ನು ನಿರ್ಧರಿಸುವುದು ಒಣಗುವ ಕಾಲ. ಒಂದು ಇಂಚು ದಪ್ಪಕ್ಕೆ ಸುಮಾರು ಒಂದು ವಾರ ಬೇಕು. ಹೀಗಾಗಿ ಹತ್ತು ಇಂಚಿನ ಗೋಡೆಯನ್ನು ಸುಗ್ಗಿ ಮುಗಿದು ಹೊಸ ಹುಲ್ಲು ಕೈಗೆ ಸಿಕ್ಕ ಕೂಡಲೇ, ಅಂದರೆ ಜನವರಿಯಲ್ಲಿ, ಆರಂಭಿಸಿದರಷ್ಟೇ ಮೇ ತಿಂಗಳೊಳಗೆ ಗಿಲಾವು ಮುಗಿಯುತ್ತದೆ. ಮಾರ್ಚಿ ದಾಟಿದ ಮೇಲೆ ಬಂದವರಿಗೆ ಈ ತಂಡ ಮುಂದಿನ ವರ್ಷ ನೋಡೋಣ ಎನ್ನುತ್ತದೆ, ಅದು ಸರಿಯೂ ಹೌದು. ಇದಕ್ಕೆ ಮುಂಚೆ ವಿಚಾರಿಸಿದ್ದ ಬೇರೊಬ್ಬ ಗುತ್ತಿಗೆದಾರರು ಹೊರಗಡೆ ಸಿಮೆಂಟ್ ಗಿಲಾವು ಮಾಡಿಬಿಡೋಣ ಎಂದಿದ್ದರು. ಹಾಗೆ ಮಾಡಿದರೆ ಗೋಡೆಯೊಳಗಿನ ತೇವ ಹೊರಗೆ ಹೋಗಲಾರದೆ ಹುಲ್ಲು ಕೊಳೆಯುತ್ತದೆ. ಇವರು ಒಳಗೆ ಮಣ್ಣಿನ ಗಿಲಾವು, ಹೊರಗೆ ಸುಣ್ಣದ ಗಾರೆ ಮಾಡಿದರು. ಎರಡು ಅಡಿ ಎತ್ತರದ ಜಂಬಿಟ್ಟಿಗೆಯ ಅಡಿಪಾಯ ಮತ್ತು ನಾಲ್ಕು ಅಡಿ ಚಾಚಿದ ಸೂರು ಇಲ್ಲದೆ ಕೆಲಸ ಹಿಡಿಯುವುದಿಲ್ಲ ಎಂದೂ ಪಟ್ಟು ಹಿಡಿದರು. ವರ್ಷಕ್ಕೆ 7,000 ಮಿಲಿಮೀಟರಿನ ಆಸುಪಾಸು ಮಳೆ ಸುರಿಯುವ ಆಗುಂಬೆ ಇಷ್ಟು ಹತ್ತಿರವಿರುವಾಗ ಈ ಹಟ ಬೇಕೇ ಬೇಕು. ಗಾಳಿಮಳೆಯ ಬದಿಗೆ ನಾವು ಅಡಿಕೆ ಸೋಗೆಯ ತಟ್ಟಿಯನ್ನೂ ಕಟ್ಟಿದೆವು.

ಏಪ್ರಿಲ್‌ನ ಮಧ್ಯಾಹ್ನ ಆ ಗೋಡೆಯ ಒಳಮೈಯನ್ನು ಮುಟ್ಟಿದರೆ ಬಿಸಿ ತಟ್ಟುವುದಿಲ್ಲ. ಪಕ್ಕದ ಹಳೆಯ ಕೋಣೆಯ ಸಿಮೆಂಟ್ ಗೋಡೆ ಸಂಜೆಯವರೆಗೂ ಸುಡುತ್ತಿರುತ್ತದೆ. ಆಷಾಢದಲ್ಲಿ ಬಟ್ಟೆ, ಪುಸ್ತಕಗಳಿಗೆ ಹಿಡಿಯುವ ಬೂಷ್ಟು ಈ ಕೋಣೆಯಲ್ಲಿ ಕಡಿಮೆ.

ಆಕ್ಷೇಪಣೆಯೂ ಒಂದಿದೆ. ಒಣಗುವಾಗ ತುಂಬಿದ ಹುಲ್ಲುಮಣ್ಣು ಕುಸಿದು ಮೇಲಿನ ತೊಲೆಯ ಕೆಳಗೆ ಸಂದು ಬೀಳುವುದು ಸಹಜ. ಆದರೆ ಅದನ್ನು ಮತ್ತೆ ತುಂಬುವ ಕೂಲಿಯನ್ನು ಅಂದಾಜು ಪಟ್ಟಿಯಲ್ಲಿ ಸೇರಿಸದೆ ಕೊನೆಯಲ್ಲಿ ಪ್ರತ್ಯೇಕವಾಗಿ ಕೇಳಿದ್ದು ಸರಿಯಲ್ಲ. ಮಣ್ಣು, ಹುಲ್ಲಿಗೆ ಆಗುವ ಖರ್ಚು ಅಲ್ಪ, ಹಣವೆಲ್ಲ ಹೋಗುವುದು ಕೂಲಿಗೇ. ಆದ್ದರಿಂದ ಪಟ್ಟಿಯನ್ನು ಪೂರ್ತಿ ಬರೆಸಿಕೊಂಡೇ ಮುಂಗಡ ಕೊಡಿ. ಕಪಾಟು, ಟಿವಿ ತೂಗುಹಾಕುವ ಜಾಗಗಳನ್ನೂ ಆಗಲೇ ತಿಳಿಸಿರಬೇಕು, ಏಕೆಂದರೆ ಈ ಗೋಡೆಯಲ್ಲಿ ಮೊಳೆ ನಿಲ್ಲುವುದಿಲ್ಲ, ಮರದ ತುಂಡುಗಳನ್ನು ತುಂಬುವಾಗಲೇ ಕೂರಿಸಬೇಕಾಗುತ್ತದೆ.