ಪಹಣಿಯಿಂದ ಅಡಿಕೆ ಪಟ್ಟಿಯವರೆಗೆ: ಮನೆಯ ದಾಖಲೆಗಳಿಗೆ ಲಿಬ್ರೆಆಫೀಸ್ ಬೇಸ್

ಲಿಬ್ರೆಆಫೀಸ್ ಎಂಬ ಉಚಿತ ಕಚೇರಿ ತಂತ್ರಾಂಶವನ್ನು ಹಾಕಿಕೊಂಡಿರುವವರು ಬರವಣಿಗೆಯ ರೈಟರ್ ಮತ್ತು ಲೆಕ್ಕದ ಹಾಳೆಯ (ಸ್ಪ್ರೆಡ್‌ಶೀಟ್) ಕ್ಯಾಲ್ಕ್‌ಗಳನ್ನು ದಿನವೂ ತೆರೆಯುತ್ತಾರೆ. ಅವುಗಳ ಜೊತೆಯಲ್ಲೇ ಬರುವ ಬೇಸ್ ಎಂಬ ಡೇಟಾಬೇಸ್ ತಂತ್ರಾಂಶವನ್ನು ಹೆಚ್ಚಿನವರು ಒಮ್ಮೆಯೂ ಮುಟ್ಟಿರುವುದಿಲ್ಲ. ತೀರ್ಥಹಳ್ಳಿ ಕಡೆಯ ನಮ್ಮ ಮನೆಯ ಜಮೀನು, ಸಾಲ, ವಿಮೆ, ಅಡಿಕೆ ಮಾರಾಟ, ಕಾಗದಪತ್ರ ಇಷ್ಟರ ವಿವರಗಳನ್ನೂ ಹಲವು ವರ್ಷಗಳಿಂದ ನಾನು ಬೇಸ್‌ನಲ್ಲೇ ಇಟ್ಟುಕೊಂಡು ಬಂದಿದ್ದೇನೆ. ಕಲಿಯುವಾಗ ತಾಳ್ಮೆ ಬೇಡುವ, ಕೆಲವು ಕಡೆ ಹಳತಾಗಿ ಕಾಣುವ, ಆದರೂ ಮಲೆನಾಡಿನ ಕೂಡುಕುಟುಂಬವೊಂದರ ಲೆಕ್ಕಕ್ಕೆ ಸ್ಪ್ರೆಡ್‌ಶೀಟ್‌ಗಿಂತ ಎಷ್ಟೋ ಚೆನ್ನಾಗಿ ಹೊಂದುವ ತಂತ್ರಾಂಶ ಇದು ಎಂಬುದು ನನ್ನ ಅಭಿಪ್ರಾಯ. ಯಾರಿಗೆ ಯಾವುದು ಸೇರಿದೆ, ಯಾವುದರ ಮೇಲೆ ಏನಿದೆ ಎಂಬ ಸಂಬಂಧಗಳನ್ನು ಇದು ಒಂದೇ ಕಡೆ, ಒಂದೇ ಸಲ ಬರೆಸಿಕೊಂಡು, ಮುಂದೆ ಕೆಡದಂತೆ ಕಾಯುತ್ತದೆ. ನಾನು ಇದನ್ನು ಮೆಚ್ಚುವುದು ಮುಖ್ಯವಾಗಿ ಈ ಗುಣಕ್ಕಾಗಿ.

ಬೇಸ್ ಉಚಿತ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ. 2005ರಲ್ಲಿ ಓಪನ್‌ಆಫೀಸ್‌ನ ಎರಡನೆಯ ಆವೃತ್ತಿಯೊಂದಿಗೆ ಬಂದ ಈ ಭಾಗ, 2010ರಲ್ಲಿ ಲಿಬ್ರೆಆಫೀಸ್ ಬೇರೆಯಾದಾಗ ಅದರ ಜೊತೆಗೆ ಬಂದಿತು. ಇದೇ ಬಗೆಯ ಕೆಲಸಕ್ಕೆ 1992ರಿಂದ ಇರುವ ಮೈಕ್ರೋಸಾಫ್ಟ್ ಆಕ್ಸೆಸ್ ಹೆಚ್ಚು ನಯವಾಗಿದೆಯೆಂದು ಒಪ್ಪಬೇಕು. ಆದರೆ ಅದಕ್ಕೆ ಹಣ ಕೊಡಬೇಕು, ಮತ್ತು ಅದು ವಿಂಡೋಸ್‌ನಲ್ಲಿ ಮಾತ್ರ ನಡೆಯುತ್ತದೆ. ಎರಡಕ್ಕೂ ತಳಹದಿ ಒಂದೇ: ಐಬಿಎಂ ಸಂಸ್ಥೆಯಲ್ಲಿದ್ದ ಇ. ಎಫ್. ಕಾಡ್ 1970ರಲ್ಲಿ ಮಂಡಿಸಿದ ರಿಲೇಷನಲ್ ಮಾದರಿ. ಮಾಹಿತಿಯನ್ನು ಬೇರೆ ಬೇರೆ ಕೋಷ್ಟಕಗಳಲ್ಲಿ ಇಡುವುದು, ಪ್ರತಿ ಸಾಲಿಗೂ ತನ್ನದೇ ಗುರುತು ಕೊಡುವುದು, ಒಂದು ಕೋಷ್ಟಕದ ಸಾಲು ಇನ್ನೊಂದರ ಸಾಲನ್ನು ಆ ಗುರುತಿನ ಮೂಲಕವೇ ಹೇಳುವುದು, ಇಷ್ಟು ತಿಳಿದರೆ ಬೇಸ್‌ನ ಮುಕ್ಕಾಲು ಪಾಲು ತಿಳಿದಂತೆ.

ಇದೆಲ್ಲ ಎಕ್ಸೆಲ್‌ನಲ್ಲಿ ಆಗುವುದಿಲ್ಲವೇ ಎಂದು ಕೇಳುವವರಿಗೆ ನಾನು ತೋರಿಸುವುದು ಸರ್ವೆ ನಂಬರನ್ನು. ಸ್ಪ್ರೆಡ್‌ಶೀಟಿನ ಖಾಲಿ ಮನೆಯೊಂದರಲ್ಲಿ (ಸೆಲ್) 4/2 ಎಂದು ಬರೆದು ಎಂಟರ್ ಒತ್ತಿದರೆ ಅದು ಸಾಮಾನ್ಯವಾಗಿ ತಾರೀಖಾಗಿ ಬದಲಾಗುತ್ತದೆ. ಹಿಸ್ಸಾ ನಂಬರು ಕಣ್ಣೆದುರೇ ಮಾಯವಾಗುತ್ತದೆ. ಸೊನ್ನೆಯಿಂದ ಆರಂಭವಾಗುವ ಖಾತೆ ನಂಬರಿನ ಸೊನ್ನೆಗಳು ಉದುರುತ್ತವೆ, 15 ಅಂಕಿಗಳಿಗಿಂತ ಉದ್ದವಾದ ನಂಬರಿನ ಕೊನೆಯ ಅಂಕಿಗಳು ಎಕ್ಸೆಲ್‌ನಲ್ಲಿ ಸೊನ್ನೆಗಳಾಗುತ್ತವೆ. ಮನೆಗಳನ್ನು ಮೊದಲೇ ಟೆಕ್ಸ್ಟ್ ಎಂದು ಗೊತ್ತುಮಾಡಿದರೆ ಇದು ತಪ್ಪುತ್ತದೆ ನಿಜ, ಆದರೆ ಆ ಎಚ್ಚರವನ್ನು ಪ್ರತಿ ಹೊಸ ಹಾಳೆಯಲ್ಲೂ ನಾವೇ ವಹಿಸಬೇಕು. ಬೇಸ್‌ನಲ್ಲಿ ಕೋಷ್ಟಕ ಕಟ್ಟುವಾಗಲೇ ಪ್ರತಿ ಫೀಲ್ಡ್ (ಕೋಷ್ಟಕದ ಕಾಲಂ) ಯಾವ ಜಾತಿಯದು ಎಂದು ಹೇಳಬೇಕಾಗುತ್ತದೆ. ಸರ್ವೆ ನಂಬರನ್ನು ಅಕ್ಷರಗಳ ಫೀಲ್ಡ್ ಎಂದು ಒಮ್ಮೆ ಹೇಳಿಬಿಟ್ಟರೆ 4/2 ಎಂದೆಂದಿಗೂ 4/2 ಆಗಿಯೇ ಉಳಿಯುತ್ತದೆ.

ನಿಜವಾದ ಲಾಭ ಕಾಣುವುದು ಜಂಟಿ ಪಹಣಿಗಳಲ್ಲಿ. ನಮ್ಮ ಕಡೆ ಒಂದೇ ಪಹಣಿಯ 9ನೇ ಕಾಲಂನಲ್ಲಿ ಅಜ್ಜನ ಕಾಲದಿಂದ ಇಳಿದುಬಂದ ನಾಲ್ಕಾರು ಹೆಸರುಗಳಿರುತ್ತವೆ. ಅದೇ ದೊಡ್ಡಪ್ಪನ ಹೆಸರು ಬೇರೆ ಮೂರು ಪಹಣಿಗಳಲ್ಲೂ ಇರುತ್ತದೆ. 11ನೇ ಕಾಲಂನಲ್ಲಿ ಸೊಸೈಟಿಯ ಸಾಲದ ಋಣ ದಾಖಲಾಗಿರುತ್ತದೆ. ಒಂದು ಹಾಳೆಯಲ್ಲಿ ಇದನ್ನು ಬರೆಯಲು ಹೊರಟರೆ, ಹೆಸರು 1, ಹೆಸರು 2, ಹೆಸರು 3 ಎಂದು ಅಡ್ಡಕ್ಕೆ ಕಾಲಂಗಳನ್ನು ಬೆಳೆಸುತ್ತ ಹೋಗಬೇಕು, ಇಲ್ಲವೇ ಒಂದೇ ಸರ್ವೆ ನಂಬರನ್ನು ಹೆಸರಿಗೊಂದು ಸಲದಂತೆ ಮತ್ತೆ ಮತ್ತೆ ಬರೆಯಬೇಕು. ಎರಡರಲ್ಲೂ ಒಂದು ಮ್ಯುಟೇಷನ್ (ಹಕ್ಕು ಬದಲಾವಣೆ) ಆದೊಡನೆ ಹಲವು ಕಡೆ ತಿದ್ದಬೇಕಾಗುತ್ತದೆ. ಬೇಸ್‌ನಲ್ಲಿ ಜನರದ್ದೊಂದು ಕೋಷ್ಟಕ, ಪಹಣಿಗಳದ್ದೊಂದು ಕೋಷ್ಟಕ, ನಡುವೆ ಹಕ್ಕು ಎಂಬ ಮೂರನೆಯ ಕೋಷ್ಟಕ ಮಾಡಿದೆ. ಹಕ್ಕು ಕೋಷ್ಟಕದ ಒಂದೊಂದು ಸಾಲಿನಲ್ಲೂ ವ್ಯಕ್ತಿಯ ಗುರುತು, ಪಹಣಿಯ ಗುರುತು, ಆ ವ್ಯಕ್ತಿಯ ಪಾಲಿನ ವಿಸ್ತೀರ್ಣ, ಹಕ್ಕು ಬಂದ ಬಗೆ, ಮ್ಯುಟೇಷನ್ ನಂಬರು ಇಷ್ಟೇ ಇರುತ್ತವೆ. ಅತ್ತೆಯವರ ಪಾಲು ಹಕ್ಕು ಬಿಡುಗಡೆಯಾಗಿ ಚಿಕ್ಕಪ್ಪನ ಹೆಸರಿಗೆ ಬಂದರೆ ಈ ನಡುವಿನ ಕೋಷ್ಟಕದ ಒಂದು ಸಾಲನ್ನು ಬದಲಿಸಿದರೆ ಮುಗಿಯಿತು.

ಹೀಗೆ ಕಟ್ಟಿದ ಮೇಲೆ ಟೂಲ್ಸ್ ಮೆನುವಿನ ರಿಲೇಷನ್‌ಶಿಪ್ಸ್ ಎಂಬಲ್ಲಿ ಕೋಷ್ಟಕಗಳ ನಡುವೆ ಗೆರೆ ಎಳೆಯಬಹುದು. ಈ ಗೆರೆ ಬರಿಯ ಚಿತ್ರವೆಂದು ತಿಳಿಯಬಾರದು. ಹಕ್ಕುಗಳಿರುವ ವ್ಯಕ್ತಿಯೊಬ್ಬರ ಹೆಸರನ್ನು ಅಳಿಸಲು ಹೋದರೆ ಬೇಸ್ ತಡೆಯುತ್ತದೆ. ಇಲ್ಲದ ಪಹಣಿಯೊಂದಕ್ಕೆ ಸಾಲ ಬರೆಯಲು ಹೋದರೂ ಬಿಡುವುದಿಲ್ಲ. ಅಳಿಸಿದಾಗ ಅದಕ್ಕೆ ಸೇರಿದ ಸಾಲುಗಳೂ ಹೋಗಬೇಕೇ, ಖಾಲಿಯಾಗಿ ಉಳಿಯಬೇಕೇ, ಅಳಿಸುವುದೇ ಬೇಡವೇ ಎಂದು ಪ್ರತಿ ಗೆರೆಗೂ ಬೇರೆಯಾಗಿ ಹೇಳಬಹುದು. ಜಮೀನಿನ ವಿವರಗಳಿಗೆ ಅಳಿಸುವುದು ಬೇಡ ಎಂಬುದನ್ನೇ ಇಟ್ಟುಕೊಳ್ಳಬೇಕೆಂದು ನಾನು ಬಲವಾಗಿ ಹೇಳುತ್ತೇನೆ. ಒಂದು ತಲೆಮಾರಿನ ಹೆಸರು ಪಹಣಿಯಿಂದ ಹೋದರೂ ಮನೆಯ ದಾಖಲೆಯಿಂದ ಹೋಗಬಾರದು.

ವಿಸ್ತೀರ್ಣದ ವಿಷಯದಲ್ಲಿ ಒಂದು ಸೂಕ್ಷ್ಮವನ್ನು ಹೇಳಲೇಬೇಕು. ಪಹಣಿಯಲ್ಲಿ 1.25 ಎಂದರೆ ಒಂದು ಎಕರೆ 25 ಗುಂಟೆ, ಮತ್ತು ಎಕರೆಗೆ 40 ಗುಂಟೆ. ಇದನ್ನು ದಶಮಾಂಶ ಸಂಖ್ಯೆಯೆಂದು ಬರೆದಿಟ್ಟರೆ ಅಂಥ ಎರಡು ತುಂಡುಗಳ ಮೊತ್ತ 2.50 ಎಂದು ಬರುತ್ತದೆ. ಸರಿಯಾದ ಉತ್ತರ 3 ಎಕರೆ 10 ಗುಂಟೆ. ಆದುದರಿಂದ ಎಕರೆ ಮತ್ತು ಗುಂಟೆಗಳಿಗೆ ಬೇರೆ ಬೇರೆ ಫೀಲ್ಡ್‌ಗಳಿರಬೇಕು. ಕ್ವೆರಿಯಲ್ಲಿ, ಅಂದರೆ ಕೋಷ್ಟಕಗಳಿಗೆ ಕೇಳಲು ಬರೆದಿಡುವ ಪ್ರಶ್ನೆಯಲ್ಲಿ, ಎಕರೆಯನ್ನು 40ರಿಂದ ಗುಣಿಸಿ, ಗುಂಟೆಯನ್ನು ಕೂಡಿಸಿ, ಮೊತ್ತವನ್ನು ಮತ್ತೆ 40ರಿಂದ ಭಾಗಿಸಿ ಭಾಗಲಬ್ಧವನ್ನು ಎಕರೆಯಾಗಿಯೂ ಶೇಷವನ್ನು ಗುಂಟೆಯಾಗಿಯೂ ತೋರಿಸಬೇಕು. ಒಮ್ಮೆ ಬರೆದಿಟ್ಟ ಈ ಕ್ವೆರಿ, ಯಾರ ಹೆಸರಿನಲ್ಲಿ ತರಿ (ಗದ್ದೆ) ಎಷ್ಟು, ಬಾಗಾಯ್ತು (ತೋಟ) ಎಷ್ಟು ಎಂದು ಕೇಳಿದಾಗಲೆಲ್ಲ ಕ್ಷಣದಲ್ಲಿ ಉತ್ತರ ಕೊಡುತ್ತದೆ. ತಾಲ್ಲೂಕು ಕಚೇರಿಗೋ ಬ್ಯಾಂಕಿಗೋ ಹೊರಟವರು ಮನೆಯ ಟ್ರಂಕನ್ನು ಬಿಚ್ಚಿ ಹುಡುಕುವ ಶ್ರಮ ಇದರಿಂದ ನಿಂತಿದೆ.

ಅಡಿಕೆ ಮಾರಾಟದ ಲೆಕ್ಕಕ್ಕೆ ಫಾರ್ಮ್ (ಮಾಹಿತಿ ತುಂಬುವ ಪರದೆ) ಮತ್ತು ಅದರೊಳಗಿನ ಸಬ್‌ಫಾರ್ಮ್ ಎಂಬ ಏರ್ಪಾಡು ಬಹಳ ಚೆನ್ನಾಗಿ ಒದಗುತ್ತದೆ. ಶಿವಮೊಗ್ಗದ ಅಡಿಕೆ ಮಾರಾಟ ಸಹಕಾರ ಸಂಘವಾದ ಮ್ಯಾಮ್ಕೋಸ್‌ಗೆ ಕೊಟ್ಟರೂ ಖಾಸಗಿ ಮಂಡಿಗೆ ಹಾಕಿದರೂ ಕೈಗೆ ಬರುವುದು ಒಂದು ಪಟ್ಟಿ; ಅದರೊಳಗೆ ರಾಶಿ, ಬೆಟ್ಟೆ, ಸರಕು, ಗೊರಬಲು ಎಂದು ಬೇರೆ ಬೇರೆ ಸಾಲುಗಳು, ಪ್ರತಿ ಸಾಲಿಗೂ ತೂಕ ಮತ್ತು ಕ್ವಿಂಟಾಲಿನ ದರ. ಫಾರ್ಮಿನ ಮೇಲ್ಭಾಗದಲ್ಲಿ ಪಟ್ಟಿಯ ತಾರೀಖು, ನಂಬರು, ಕೊಂಡವರು. ಕೆಳಭಾಗದ ಸಬ್‌ಫಾರ್ಮಿನಲ್ಲಿ ಆ ಪಟ್ಟಿಯ ಸಾಲುಗಳು ಮಾತ್ರ. ಪಟ್ಟಿ ಬದಲಾದರೆ ಕೆಳಗಿನ ಸಾಲುಗಳೂ ತಾವಾಗಿಯೇ ಬದಲಾಗುತ್ತವೆ. ಅಡಿಕೆಯ ಜಾತಿಯನ್ನು ಕೈಯಿಂದ ಬರೆಯುವ ಬದಲು ಲಿಸ್ಟ್ ಬಾಕ್ಸ್‌ನಿಂದ ಆರಿಸುವಂತೆ ಮಾಡಿದರೆ, ಒಂದು ವರ್ಷ ಗೊರಬಲು, ಮರುವರ್ಷ ಗೊರಬಾಳು ಎಂದು ಬರೆದು ಲೆಕ್ಕ ಎರಡಾಗುವ ತೊಂದರೆಯೇ ಇಲ್ಲ. ಸಬ್‌ಫಾರ್ಮನ್ನು ಮೊದಲ ಸಲ ಹಂತಹಂತವಾಗಿ ಕೇಳಿ ಮಾಡಿಸುವ ವಿಝಾರ್ಡ್ ಮೂಲಕವೇ ಮಾಡುವುದು ಒಳ್ಳೆಯದು; ಯಾವ ಫೀಲ್ಡ್ ಯಾವುದಕ್ಕೆ ಹೊಂದಬೇಕು ಎಂಬುದು ಅಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ತಾರೀಖುಗಳನ್ನು ಕಾಯುವ ಕೆಲಸಕ್ಕೂ ಬೇಸ್ ತಕ್ಕದ್ದು. ವಿಮೆಯ ಕಂತು, ಬೆಳೆಸಾಲದ ಗಡುವು, ವಾಹನದ ವಿಮೆ, ಗ್ಯಾಸ್ ಪೈಪಿನ ಅವಧಿ ಎಲ್ಲವನ್ನೂ ಗಡುವು ಎಂಬ ಒಂದೇ ಕೋಷ್ಟಕದಲ್ಲಿಟ್ಟು, ಇಂದಿನಿಂದ 30 ದಿನಗಳೊಳಗೆ ಬರುವುದನ್ನು ಮಾತ್ರ ತೋರಿಸುವ ಕ್ವೆರಿ ಮಾಡಬಹುದು. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಸಿದ ದಿನವನ್ನು ತೋಟದ ಭಾಗವಾರು ಬರೆದಿಟ್ಟರೆ, 40 ದಿನ ದಾಟಿದ ಭಾಗ ಯಾವುದೆಂದು ಅದೇ ರೀತಿಯ ಕ್ವೆರಿ ಹೇಳುತ್ತದೆ. ಆದರೆ ಬೇಸ್ ತಾನಾಗಿ ಗಂಟೆ ಬಾರಿಸಿ ನೆನಪಿಸುವುದಿಲ್ಲ. ತೆರೆದು ನೋಡುವ ರೂಢಿಯನ್ನು ನಾವೇ ಇಟ್ಟುಕೊಳ್ಳಬೇಕು.

ಕನ್ನಡದ ಮಟ್ಟಿಗೆ ಅನುಭವ ತೃಪ್ತಿಕರವಾಗಿದೆ. ಕೋಷ್ಟಕಗಳ, ಫೀಲ್ಡ್‌ಗಳ ಹೆಸರುಗಳನ್ನೂ ಕನ್ನಡದಲ್ಲೇ ಇಡಬಹುದು. ಎಸ್‌ಕ್ಯೂಎಲ್ (ಕ್ವೆರಿಗಳನ್ನು ಬರೆಯುವ ಭಾಷೆ) ಬರೆಯುವಾಗ ಅವುಗಳನ್ನು ಜೋಡಿ ಉದ್ಧರಣ ಚಿಹ್ನೆಗಳೊಳಗೆ ಹಾಕಬೇಕು, ಅಷ್ಟೇ. ಅಕಾರಾದಿ ಜೋಡಣೆಯಲ್ಲಿ ಮಾತ್ರ ಒಂದು ಕೊರತೆಯಿದೆ. ಪ್ರತಿ ಅಕ್ಷರಕ್ಕೂ ಒಂದು ಸಂಕೇತ ಕೊಡುವ ಯೂನಿಕೋಡ್ ಪದ್ಧತಿಯಲ್ಲಿ ಳಕಾರದ ಸಂಕೇತವು ಲಕಾರದ ಪಕ್ಕದಲ್ಲೇ, ವಕಾರಕ್ಕಿಂತ ಮೊದಲು ಬರುತ್ತದೆ. ಬರಿಯ ಸಂಕೇತಗಳ ಕ್ರಮದಲ್ಲಿ ಜೋಡಿಸಿದಾಗ ಹೊಳೆಹೊನ್ನೂರು ಮೊದಲು, ಹೊಸನಗರ ಆಮೇಲೆ ಬರುತ್ತದೆ. ನಮ್ಮ ನಿಘಂಟುಗಳ ಕ್ರಮ ಇದಕ್ಕೆ ವಿರುದ್ಧ. ಮನೆಯ ಲೆಕ್ಕಕ್ಕೆ ಇದರಿಂದ ದೊಡ್ಡ ಹಾನಿಯಿಲ್ಲ. ಇದಕ್ಕಿಂತ ಹೆಚ್ಚಿನ ಎಚ್ಚರ ಬೇಕಾದದ್ದು ನುಡಿ ಅಥವಾ ಬರಹ ಎಂಬ ಕನ್ನಡ ತಂತ್ರಾಂಶಗಳ ಹಳೆಯ ಕಡತಗಳಿಂದ ಹೆಸರುಗಳನ್ನು ತರುವಾಗ. ಅವು ಯೂನಿಕೋಡ್ ಅಲ್ಲದ ಫಾಂಟಿನಲ್ಲಿದ್ದರೆ ಮೊದಲು ಪರಿವರ್ತಕದ ಮೂಲಕ ಬದಲಿಸಿಕೊಂಡೇ ಅಂಟಿಸಬೇಕು, ಇಲ್ಲವಾದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ತುಂಬಿಕೊಳ್ಳುತ್ತವೆ.

ಈಗ ದೊಡ್ಡ ದೋಷಕ್ಕೆ ಬರುತ್ತೇನೆ. ಹೊಸ ಡೇಟಾಬೇಸ್ ಮಾಡಿದಾಗ ಬೇಸ್ ತನ್ನೊಳಗೆ ಬಳಸುವುದು ಎಚ್‌ಎಸ್‌ಕ್ಯೂಎಲ್‌ಡಿಬಿ ಎಂಬ ಎಂಜಿನ್ನಿನ (ಮಾಹಿತಿಯನ್ನು ಇಟ್ಟು ತೆಗೆಯುವ ಒಳತಂತ್ರಾಂಶ) ಹಳೆಯ ಆವೃತ್ತಿಯನ್ನು. ಅದಕ್ಕೆ ಕಂಪ್ಯೂಟರಿನಲ್ಲಿ ಜಾವಾ ಎಂಬ ಬೇರೆ ತಂತ್ರಾಂಶ ಇರಬೇಕು, ಮತ್ತು ಲಿಬ್ರೆಆಫೀಸ್ 64 ಬಿಟ್‌ನದಾದರೆ ಜಾವಾ ಕೂಡ 64 ಬಿಟ್‌ನದೇ ಆಗಿರಬೇಕು. ಹೊಸಬರು ಮೊದಲ ದಿನವೇ ಕೈಬಿಡುವುದು ಹೆಚ್ಚಾಗಿ ಇಲ್ಲಿಯೇ. ಅದಕ್ಕಿಂತ ಗಂಭೀರವಾದ ಮಾತೆಂದರೆ, ಹೀಗೆ ಒಳಗೇ ಸೇರಿಸಿಟ್ಟ ಮಾಹಿತಿ ಕಡತವನ್ನು ಸೇವ್ ಮಾಡಿದಾಗಲೇ ಡಿಸ್ಕಿನ ಕಡತಕ್ಕೆ ಪೂರ್ತಿಯಾಗಿ ಸೇರುತ್ತದೆ. ಆಷಾಢದ ಗಾಳಿಮಳೆಗೆ ಮರ ಬಿದ್ದು ಲೈನ್ ಹೋಗುವುದು ನಮ್ಮಲ್ಲಿ ಹೊಸತಲ್ಲ. ಬ್ಯಾಟರಿ ಇಲ್ಲದ ಕಂಪ್ಯೂಟರಿನಲ್ಲಿ ಕೆಲಸ ಮಾಡುವವರು ಯುಪಿಎಸ್ ಇಟ್ಟುಕೊಳ್ಳದೆ ಬೇಸ್ ತೆರೆಯಬಾರದು ಎಂದೇ ಹೇಳುತ್ತೇನೆ. ನಾಲ್ಕು ಸಾಲು ತುಂಬಿದೊಡನೆ ಸೇವ್ ಮಾಡುವುದು, ವಾರಕ್ಕೊಮ್ಮೆ ಕಡತದ ಪ್ರತಿಯನ್ನು ತಾರೀಖಿನ ಹೆಸರಿನೊಂದಿಗೆ ಪೆನ್‌ಡ್ರೈವಿಗೆ ಹಾಕುವುದು, ಇವೆರಡನ್ನೂ ಬಿಡಬಾರದು. ತುಸು ತಿಳಿದವರು ಮಾಹಿತಿಯನ್ನು ಬೇಸ್ ಕಡತದ ಹೊರಗೆ ಬೇರೆ ಡೇಟಾಬೇಸಿನಲ್ಲಿ ಇಟ್ಟು, ಬೇಸನ್ನು ಫಾರ್ಮ್ ಮತ್ತು ಕ್ವೆರಿಗಳಿಗೆ ಮಾತ್ರ ಬಳಸುವುದು ಹೆಚ್ಚು ಕ್ಷೇಮ.

ಈ ಭಯವಿಲ್ಲದ ಇನ್ನೊಂದು ದಾರಿ ಎಸ್‌ಕ್ಯೂಲೈಟ್. 2000ದಲ್ಲಿ ರಿಚರ್ಡ್ ಹಿಪ್ ಅವರು ಹೊರತಂದ ಈ ಎಂಜಿನ್ ನಮ್ಮ ಆಂಡ್ರಾಯ್ಡ್ ಫೋನುಗಳೊಳಗೂ ಕೆಲಸ ಮಾಡುತ್ತಿದೆ. ಒಪ್ಪಿಸಿದ ಪ್ರತಿ ಬದಲಾವಣೆಯನ್ನು ಆಗಲೇ ಡಿಸ್ಕಿಗೆ ಬರೆಯುತ್ತದೆ. ಅದಕ್ಕೆಂದೇ ಇರುವ ಡಿಬಿ ಬ್ರೌಸರ್ ಎಂಬ ಉಚಿತ ತಂತ್ರಾಂಶ ಹಗುರವಾಗಿದೆ, ಜಾವಾ ಬೇಡ. ಆದರೆ ಅದರಲ್ಲಿ ಬೇಸ್‌ನಂತೆ ಫಾರ್ಮುಗಳಿಲ್ಲ; ಕೋಷ್ಟಕಗಳಲ್ಲಿ ನೇರವಾಗಿ ಬರೆಯಬೇಕು. ಮನೆಯಲ್ಲಿ ನನ್ನ ಹೊರತು ಇನ್ನೊಬ್ಬರೂ ಪಟ್ಟಿ ತುಂಬಬೇಕಾಗುವುದರಿಂದ ನಾನು ಬೇಸ್‌ನಲ್ಲೇ ಉಳಿದಿದ್ದೇನೆ.

ಪಹಣಿ, ಕ್ರಯಪತ್ರ, ಮಂಜೂರಾತಿ ಆದೇಶಗಳ ಸ್ಕ್ಯಾನ್ ಪ್ರತಿಗಳನ್ನು ಡೇಟಾಬೇಸಿನೊಳಗೆ ತುಂಬುವುದು ಬೇಡ. ಅವು ಒಂದು ಫೋಲ್ಡರಿನಲ್ಲಿರಲಿ, ಕೋಷ್ಟಕದಲ್ಲಿ ಕಡತದ ಹೆಸರು ಮತ್ತು ಮೂಲಪತ್ರ ಇರುವ ಜಾಗ ಮಾತ್ರ ಇರಲಿ. ಮಳೆಗಾಲದ ತೇವಕ್ಕೆ ಕಾಗದ ಬೂಷ್ಟು ಹಿಡಿಯುವ ಊರಿನಲ್ಲಿ, ಮೂಲಪತ್ರ ಬೀರುವಿನಲ್ಲಿದೆಯೋ ಬ್ಯಾಂಕಿನಲ್ಲಿ ಅಡವಿದೆಯೋ ಎಂಬ ಆ ಒಂದು ಫೀಲ್ಡ್ ಉಳಿದೆಲ್ಲಕ್ಕಿಂತ ಹೆಚ್ಚು ಸಲ ಉಪಯೋಗಕ್ಕೆ ಬಂದಿದೆ. ಪಾಸ್‌ವರ್ಡ್, ಪಿನ್‌ಗಳನ್ನು ಮಾತ್ರ ಇದರಲ್ಲಿ ಬರೆದಿಡಲೇಬಾರದು.

ಒಬ್ಬರದ್ದೇ ಖಾತೆ, ಒಂದೆರಡು ವಿಮೆ, ನೂರು ಫೋನ್ ನಂಬರು ಇಷ್ಟೇ ಇರುವವರಿಗೆ ಬೇಸ್ ಬೇಕಿಲ್ಲ. ಕ್ಯಾಲ್ಕ್‌ನ ಒಂದು ಹಾಳೆ ಧಾರಾಳವಾಗಿ ಸಾಕು. ಫೋನಿನಲ್ಲೇ ಎಲ್ಲವನ್ನೂ ನೋಡಬಯಸುವವರಿಗೂ ಇದು ಒಗ್ಗುವುದಿಲ್ಲ, ಏಕೆಂದರೆ ಬೇಸ್ ನಡೆಯುವುದು ಕಂಪ್ಯೂಟರಿನಲ್ಲಿ ಮಾತ್ರ. ರಿಪೋರ್ಟ್ ವಿಭಾಗವೂ ಸಾಧಾರಣ. ಕನ್ನಡದ ಉದ್ದ ಹೆಸರುಗಳಿಗೆ ಕಾಲಂಗಳ ಅಗಲವನ್ನು ಹೊಂದಿಸುವಷ್ಟರಲ್ಲಿ ಸಾಕಾಗುತ್ತದೆ. ನಾನು ಕ್ವೆರಿಯನ್ನು ಕ್ಯಾಲ್ಕ್ ಹಾಳೆಯೊಳಕ್ಕೆ ಎಳೆದು ಹಾಕಿ, ಅಲ್ಲಿಂದ ಪಿಡಿಎಫ್ ಮಾಡಿ, ವರ್ಷಕ್ಕೊಮ್ಮೆ ಪಾಲುದಾರರೆಲ್ಲರಿಗೂ ಅವರವರ ಜಮೀನು ಮತ್ತು ಸಾಲದ ವಿವರವನ್ನು ಕಳಿಸುತ್ತೇನೆ. ಬೆಂಗಳೂರಿನಲ್ಲಿರುವ ತಮ್ಮಂದಿರು ಅದನ್ನು ಫೋನಿನಲ್ಲಿ ನೋಡಿಕೊಳ್ಳುತ್ತಾರೆ, ದೊಡ್ಡಪ್ಪನವರಿಗೆ ದಪ್ಪ ಅಕ್ಷರದಲ್ಲಿ ಪ್ರಿಂಟ್ ತೆಗೆದು ಕೊಡುತ್ತೇನೆ.